ಟರ್ಕಿ ಕೋಳಿಯ ಹೊಟ್ಟೆಯೊಳಗಿನ ಐಸ್ ಕೊನೆಗೂ ಬಿಟ್ಟಿತು

ಕತ್ತು ಹೊರಗೆ ಬಂತು! ಫ್ರೋಜನ್ ಟರ್ಕಿ ಪ್ಯಾಕ್ ಮಾಡುವಾಗ ಅದರ ಕತ್ತನ್ನು ಕತ್ತರಿಸಿ ಹೊಟ್ಟೆಯೊಳಗೇ ಇಟ್ಟಿರುತ್ತಾರಲ್ಲ, ಅದು. ಇಕ್ಕಳದಲ್ಲಿ ಹಿಡಿದು ಒಂದು ಸಲ ತಿರುಗಿಸಿದೆ, ಸಲೀಸಾಗಿ ಬಂತು. ಒಳಗೆ ಕೈ ಆಡಿಸಿದರೆ ಎಲ್ಲೂ ಐಸ್ ಇಲ್ಲ. 18 ಪೌಂಡಿನ ಟರ್ಕಿ, ಅಂದರೆ 8 ಕೆಜಿಗೂ ಸ್ವಲ್ಪ ಜಾಸ್ತಿ. ಇಷ್ಟು ದೊಡ್ಡ ಕೋಳಿಯಲ್ಲಿ ಹೀಗಾಗಬೇಕು ಅಂತ ಎಷ್ಟೋ ಥ್ಯಾಂಕ್ಸ್‌ಗಿವಿಂಗ್‌ಗಳಿಂದ (ಅಮೆರಿಕದಲ್ಲಿ ನವೆಂಬರ್‌ನ ಗುರುವಾರ ಟರ್ಕಿ ಬೇಯಿಸುವ ಹಬ್ಬ) ಕಾಯುತ್ತಿದ್ದೆ. ಮಗಳು ಆ ಕತ್ತಿನ ಫೋಟೋ ತೆಗೆದು ಮೈಸೂರಿನ ಅಜ್ಜಿಗೆ ಕಳಿಸಿದಳು. ಅಜ್ಜಿಗೆ ಅದೇನು ಅಂತ ಇನ್ನೂ ಅರ್ಥವಾಗಿಲ್ಲ.

ಫ್ರಿಜ್‌ನಲ್ಲಿಟ್ಟು ಐಸ್ ಬಿಡಿಸುವ ಲೆಕ್ಕ ನಿಮಗೆಲ್ಲ ಗೊತ್ತೇ ಇದೆ. 4ರಿಂದ 5 ಪೌಂಡಿಗೆ ಒಂದು ದಿನ, ಫ್ರಿಜ್ 40 ಡಿಗ್ರಿ ಫ್ಯಾರನ್‌ಹೀಟ್ ಒಳಗೆ, ಅಂದರೆ ಸುಮಾರು 4 ಡಿಗ್ರಿ ಸೆಲ್ಸಿಯಸ್, ಕೆಳಗೆ ಅಂಚಿರುವ ಟ್ರೇ. ಅದನ್ನು ಮತ್ತೆ ಬರೆಯುವುದಿಲ್ಲ. ನನ್ನ ಕಷ್ಟ ಇದ್ದದ್ದು ಆ ಲೆಕ್ಕ ಮುಗಿದ ಮೇಲೆ. ಎದೆ ಒತ್ತಿದರೆ ಮೆತ್ತಗೆ, ತೊಡೆ ಆಡಿಸಿದರೆ ಆಡುತ್ತದೆ. ಹೊಟ್ಟೆಯೊಳಗೆ ಮಾತ್ರ ಕತ್ತು ಪಕ್ಕೆಲುಬಿಗೆ ಕಚ್ಚಿಕೊಂಡು ಕಲ್ಲಿನ ಹಾಗೆ ಕೂತಿರುತ್ತದೆ.

ಯಾಕೆ ಹೀಗೆ ಅಂತ ನೋಡಲು ಈ ಸಲ ಪ್ರೋಬ್ ಥರ್ಮಾಮೀಟರ್ ಚುಚ್ಚಿ ಇಟ್ಟೆ. (ಹೊಸದಾಗಿ ತರಿಸಿದ ಪ್ರೋಬ್ ಐಸ್ ನೀರಿನಲ್ಲಿ 32 ಡಿಗ್ರಿ ಫ್ಯಾರನ್‌ಹೀಟ್ ಬದಲು 35 ತೋರಿಸಿತು. ಮಾರಿದವರಿಗೆ ಬರೆದರೆ ಅದು ಮಾಮೂಲು ಅಂತ ಉತ್ತರ ಬಂತು. ಮಾಂಸದ ಸುರಕ್ಷತೆಗೆ ಅಂತಲೇ ಮಾರುವ ವಸ್ತುವಿನಲ್ಲಿ 3 ಡಿಗ್ರಿ ವ್ಯತ್ಯಾಸ ಮಾಮೂಲು ಹೇಗಾಗುತ್ತದೆ? ಹಳೆಯದನ್ನೇ ಬಳಸಿದೆ. ನೀವೂ ಚುಚ್ಚುವ ಮೊದಲು ಐಸ್ ನೀರಿನಲ್ಲಿ ನೋಡಿಕೊಳ್ಳಿ.) ಗ್ರಾಫ್ ಮೊದಲು ಬೇಗ ಮೇಲೇರಿತು. ಆಮೇಲೆ 28 ಡಿಗ್ರಿ ಹತ್ತಿರ, ಸೆಲ್ಸಿಯಸ್‌ನಲ್ಲಿ ಮೈನಸ್ 2ರ ಆಸುಪಾಸಿನಲ್ಲಿ, ನಿಂತೇಬಿಟ್ಟಿತು. ಮಾಂಸದೊಳಗಿನ ನೀರು ಕರಗುವ ಜಾಗ ಅದೇ. ಒಂದು ಕೆಜಿ ಐಸ್ ಕರಗಲು ಬೇಕಾದ ಶಾಖದಲ್ಲಿ ಅಷ್ಟೇ ನೀರನ್ನು 0ಯಿಂದ 80 ಡಿಗ್ರಿ ಸೆಲ್ಸಿಯಸ್‌ವರೆಗೆ ಕಾಯಿಸಬಹುದು! ನನ್ನ ಫ್ರಿಜ್ ಒಳಗಿನ ಗಾಳಿ 37 ಫ್ಯಾರನ್‌ಹೀಟ್. ಕರಗಬೇಕಾದ ಮಾಂಸಕ್ಕೂ ಅದಕ್ಕೂ ಬರೀ 9 ಡಿಗ್ರಿ ಅಂತರ. ಅಷ್ಟು ಶಾಖವೆಲ್ಲ ಆ ಸಣ್ಣ ಅಂತರದಲ್ಲೇ ಒಳಗೆ ಹೋಗಬೇಕು.

ಇನ್ನೊಂದು ವಿಷಯವೂ ಇದೆ. ಐಸ್ ಒಳಗೆ ಶಾಖ ಹರಿಯುವ ವೇಗಕ್ಕೆ ಹೋಲಿಸಿದರೆ ನಿಂತ ನೀರಿನಲ್ಲಿ ಅದು ಕಾಲು ಭಾಗದಷ್ಟು ಮಾತ್ರ. ಹಾಗಾಗಿ ಹೊರಗಿನ ಪದರ ಕರಗಿದಷ್ಟೂ ಅದೇ ಒಳಗಿನ ಐಸ್‌ಗೆ ಕಂಬಳಿ ಹೊದಿಸಿದ ಹಾಗಾಗುತ್ತದೆ. ಹೆಪ್ಪುಗಟ್ಟಿಸುವುದಕ್ಕಿಂತ ಐಸ್ ಬಿಡಿಸುವುದು ನಿಧಾನ ಆಗುವುದು ಇದಕ್ಕೇ. ಹೊಟ್ಟೆಯ ಟೊಳ್ಳಿನಲ್ಲಿ ಗಾಳಿಯೂ ಅಲುಗಾಡದೆ ಕೂತಿರುತ್ತದೆ, ಆ ಕಡೆಯಿಂದ ಶಾಖ ಹೆಚ್ಚುಕಮ್ಮಿ ಬರುವುದೇ ಇಲ್ಲ.

ಅಂದರೆ ಒಳಗಿನಿಂದಲೂ ಶಾಖ ಕೊಡಬೇಕು, ಅಲ್ವಾ? ಟೊಳ್ಳಿಗೆ ನೇರ ನಲ್ಲಿ ನೀರು ಬಿಡುವುದು ನನಗೆ ಇಷ್ಟವಿಲ್ಲ. ಸಾಲ್ಮೊನೆಲ್ಲಾ, ಕ್ಯಾಂಪಿಲೊಬ್ಯಾಕ್ಟರ್ ಥರದ ರೋಗಾಣು ಇರಬಹುದಾದ ನೀರು ಸಿಂಕ್ ತುಂಬ ಸಿಡಿಯುತ್ತದೆ. ಹಾಗಾಗಿ ಹೀಗೆ ಮಾಡಿದೆ. ಫ್ರಿಜ್‌ನಲ್ಲಿ ಬಹುಪಾಲು ಐಸ್ ಬಿಟ್ಟ ಕೋಳಿಯನ್ನು ಗುರುವಾರ ಬೆಳಗಿನ ಜಾವ ಮಾಂಸವನ್ನು ಉಪ್ಪುನೀರಿನಲ್ಲಿ ನೆನೆಸಲು ಬಳಸುವ ಗಟ್ಟಿ ಚೀಲಕ್ಕೆ ಹಾಕಿ, ಬಾಲದ ಕಡೆ ಮೇಲೆ ಮಾಡಿ, ಬಿಯರ್ ಮಾಡುವ ಗೆಳೆಯನಿಂದ ತಂದ ದೊಡ್ಡ ಪಾತ್ರೆಯಲ್ಲಿ ನಿಲ್ಲಿಸಿದೆ. ಸುತ್ತ ತಣ್ಣನೆಯ ನಲ್ಲಿ ನೀರು. ಚೀಲದ ಬಾಯಿಗೆ ಕ್ಲಿಪ್ ಹಾಕಿ ನೀರಿನ ಮೇಲೆ ಉಳಿಸಿದೆ. ನೀರಿನ ಒತ್ತಡಕ್ಕೆ ಚೀಲ ತಾನೇ ಚರ್ಮಕ್ಕೆ ಅಂಟಿಕೊಳ್ಳುತ್ತದೆ. ಆಮೇಲೆ ಉದ್ದನೆಯ ಜಿಪ್ ಚೀಲಕ್ಕೆ ತಣ್ಣೀರು ತುಂಬಿ, ಗಾಳಿ ತೆಗೆದು, ಕತ್ತಿನ ಪಕ್ಕದ ಸಂದಿಯಲ್ಲಿ ಹೊಟ್ಟೆಯೊಳಗೆ ಇಳಿಸಿದೆ. ಅರ್ಧ ಗಂಟೆಗೊಮ್ಮೆ ಹೊರಗಿನ ನೀರು ಬದಲಿಸುವಾಗಲೇ ಒಳಗಿನ ಚೀಲವನ್ನೂ ಬದಲಿಸಿದೆ.  ಸೂ ವೀಡ್ ಸರ್ಕ್ಯುಲೇಟರ್ (ಪಾತ್ರೆಯ ನೀರು ಕಾಯಿಸಿ ಕಲಕುವ ಯಂತ್ರ) ಅನ್ನು ಹೀಟರ್ ಹತ್ತದ ಹಾಗೆ ತೀರಾ ಕೆಳಗಿನ ಅಂಕಿಗೆ ಇಟ್ಟು ನೀರು ಕಲಕಲು ಮಾತ್ರ ಬಿಟ್ಟೆ. ಬರೀ ನೀರಿನಲ್ಲೇ ಮಾಡಿದ್ದರೆ ಪೌಂಡಿಗೆ ಅರ್ಧ ಗಂಟೆ ಲೆಕ್ಕದಲ್ಲಿ 9 ಗಂಟೆ ಬೇಕಿತ್ತು. ಇಲ್ಲಿ ಕೊನೆಯ ಹಂತ ಮಾತ್ರ ನೀರಿನದು. ತಿಂಡಿ ಹೊತ್ತಿಗೆ ಮುಗಿಯಿತು.

ನೀರಿನಲ್ಲಿ ಮುಗಿಸಿದ ಕೋಳಿ ತಕ್ಷಣ ಒಲೆಗೆ ಹೋಗಬೇಕು. ಫ್ರಿಜ್‌ನಲ್ಲಿ ಪೂರ್ತಿ ಐಸ್ ಬಿಟ್ಟದ್ದಾದರೆ ಇನ್ನೂ ಒಂದೆರಡು ದಿನ ಇಡಬಹುದು, ಇದನ್ನು ಇಡಬಾರದು. ಉಪ್ಪು ಹಚ್ಚಿ ರಾತ್ರಿ ಬಿಡುವುದು ಈ ದಾರಿಯಲ್ಲಿ ಆಗುವುದಿಲ್ಲ. ಫ್ರೋಜನ್ ಟರ್ಕಿಗೆ ಎಷ್ಟೋ ಸಲ ಕಂಪನಿಯವರೇ ಉಪ್ಪುನೀರು ಚುಚ್ಚಿರುತ್ತಾರೆ, ಲೇಬಲ್ ನೋಡಿ. ಅಂಥದ್ದಕ್ಕೆ ಮತ್ತೆ ಉಪ್ಪು ಬೇಕಾಗಿಯೂ ಇಲ್ಲ.

ಅಂಗಡಿಯ ಬಗ್ಗೆಯೂ ಹೇಳಲೇಬೇಕು. ಹಿಂದೊಮ್ಮೆ ಜಾಸ್ತಿ ದುಡ್ಡು ಕೊಟ್ಟು 'ಫ್ರೆಶ್' ತಂದೆ. ಅದರ ಹೊಟ್ಟೆಯಲ್ಲೂ ಐಸ್! ಅಮೆರಿಕದ ನಿಯಮದಲ್ಲಿ 26 ಡಿಗ್ರಿ ಫ್ಯಾರನ್‌ಹೀಟ್‌ಗಿಂತ ಕೆಳಗಿಳಿಯದ ಕೋಳಿಗೆಲ್ಲ 'ಫ್ರೆಶ್' ಅನ್ನಬಹುದು. ಮಾಂಸ 28ರ ಹತ್ತಿರವೇ ಹೆಪ್ಪುಗಟ್ಟಲು ಶುರುವಾಗುತ್ತದೆ. ಅಂಗಡಿಯವರು ಇದನ್ನು ಒಂದು ಮಾತು ಹೇಳಬಾರದೇ? ಕೊಳ್ಳುವವರು ಬುಧವಾರ ಸಂಜೆ ತಂದು ಗುರುವಾರ ಒದ್ದಾಡುತ್ತಾರೆ.

ನಾವಿರುವುದು ಮಿನೆಸೋಟದಲ್ಲಿ. ಇಡೀ ಅಮೆರಿಕದಲ್ಲಿ ಅತಿ ಹೆಚ್ಚು ಟರ್ಕಿ ಸಾಕುವ ರಾಜ್ಯ ಇದು. ಇಲ್ಲಿ ನವೆಂಬರ್‌ನಲ್ಲಿ ಗ್ಯಾರೇಜೇ ಫ್ರಿಜ್ ಅಂತ ಹೇಳುವವರು ಬಹಳ. ದಯವಿಟ್ಟು ಹಾಗೆ ಮಾಡಬೇಡಿ. ರಾತ್ರಿ ಮತ್ತೆ ಹೆಪ್ಪುಗಟ್ಟುತ್ತದೆ, ಮಧ್ಯಾಹ್ನ ಬಿಸಿಲು ಬಿದ್ದರೆ ಹೊರಪದರ 40 ದಾಟುತ್ತದೆ. ಎಣ್ಣೆಯಲ್ಲಿ ಇಡೀ ಟರ್ಕಿ ಕರಿಯುವವರಂತೂ ಹೊಟ್ಟೆಯೊಳಗೆ ಬೆರಳಾಡಿಸಿ ನೋಡದೆ ಒಲೆ ಹಚ್ಚಲೇಬೇಡಿ. ನೀರು ಆವಿಯಾದರೆ 1,600 ಪಟ್ಟು ಹಿಗ್ಗುತ್ತದೆ. ಒಂದು ಹಿಡಿ ಐಸ್ ಸಾಕು, ಎಣ್ಣೆ ಉಕ್ಕಿ ಬೆಂಕಿಗೆ ಬೀಳುತ್ತದೆ. ಐಸ್ ಬಿಡಲೇ ಇಲ್ಲ ಅಂದರೆ ಹಾಗೇ ಅವನ್‌ಗೆ ಹಾಕಿ. ಅರ್ಧದಷ್ಟು ಜಾಸ್ತಿ ಹೊತ್ತು ಬೇಕು, ಆದರೆ ಅಪಾಯವಿಲ್ಲ. ಎದೆ, ತೊಡೆ, ರೆಕ್ಕೆ ಎಲ್ಲ ಕಡೆ 165 ಫ್ಯಾರನ್‌ಹೀಟ್ ಬರಬೇಕು ಅಷ್ಟೇ.

ಆ ಕತ್ತು, ಬೆನ್ನೆಲುಬು ಸೇರಿಸಿ ಸಾರು ಮಾಡಿದೆವು, ಮುದ್ದೆಗೆ ಚೆನ್ನಾಗಿ ಹೊಂದಿತು. ಕಾಲುಗಳ ಮೇಲೆ ಬೇರೆಯೇ ಕಣ್ಣಿದೆ. ಕೊಡಗಿನ ಪಂದಿ ಕರಿಯ ಮಸಾಲೆ, ಕಾಚಂಪುಲಿ ಹಾಕಿ ನಿಧಾನಕ್ಕೆ ಬೇಯಿಸಬೇಕು. ಆ ಗಟ್ಟಿ ಕಪ್ಪು ಮಾಂಸಕ್ಕೆ ಅಂಥ ಹುಳಿಯೇ ಸರಿ.

ಅದಕ್ಕೂ ಮೊದಲು ಐಸ್ ಬಿಡಿಸುವುದಕ್ಕೆ ಅಂತಲೇ ಒಂದು ಪೆಟ್ಟಿಗೆ ಕಟ್ಟಬೇಕು. ಹಳೆಯ ಸಣ್ಣ ಫ್ರಿಜ್, ಹೊರಗಿನಿಂದ ಟೆಂಪರೇಚರ್ ಕಂಟ್ರೋಲರ್, ಒಳಗೊಂದು ಕಂಪ್ಯೂಟರ್ ಫ್ಯಾನ್. 38 ಡಿಗ್ರಿ ಫ್ಯಾರನ್‌ಹೀಟ್‌ನಲ್ಲೇ ನಿಂತು ಗಾಳಿ ಓಡಾಡಿದರೆ ಬೆಳಗಿನ ಜಾವ ಎದ್ದು ನೀರು ಬದಲಿಸುವ ಕೆಲಸ ತಪ್ಪುತ್ತದೆ. ಉಪ್ಪು ಹಚ್ಚಿ ರಾತ್ರಿ ಬಿಡುವ ಅವಕಾಶವೂ ವಾಪಸ್ ಸಿಗುತ್ತದೆ. ಫ್ಯಾನ್ ಗಾಳಿ ನೇರ ಹೊಟ್ಟೆಯ ಟೊಳ್ಳಿಗೆ ಹೋಗುವ ಹಾಗೆ ಕೂರಿಸುವುದು ಹೇಗೆ ಅಂತ ಯೋಚಿಸುತ್ತಿದ್ದೇನೆ. ನಿಮ್ಮಲ್ಲಿ ಯಾರಾದರೂ ಮಾಡಿದ್ದರೆ ಅಳತೆ ಸಮೇತ ಹೇಳಿ.