ಪ್ಯಾರಿಸ್‌ನ ಹೊಲಿಗೆಯವರ ಕಥೆ ಬರೆಯುವ ಮೊದಲು

ಪ್ಯಾರಿಸ್‌ನ ಓತ್ ಕುತ್ಯೂರ್ (ಗಿರಾಕಿಯ ಅಳತೆಗೆ ಕೈಯಲ್ಲೇ ಹೊಲಿದುಕೊಡುವ ದುಬಾರಿ ಉಡುಪು) ಕಾಲದ ಕಾದಂಬರಿಗಳಲ್ಲಿ ನಾಯಕಿ ರಾತ್ರಿಯಿಡೀ ಒಬ್ಬಳೇ ಕೂತು ಗೌನ್ ಹೊಲಿದು ಮುಗಿಸುವುದು ಮಾಮೂಲು. ಆದರೆ ಅಲ್ಲಿನ ಅಟೆಲಿಯೇಗಳಲ್ಲಿ, ಅಂದರೆ ಹೊಲಿಗೆಮನೆಗಳಲ್ಲಿ, ಒಂದು ಉಡುಪು ಹತ್ತಾರು ಕೈ ದಾಟಿ ಬರುತ್ತದೆ. ಸೂಟು, ಕೋಟಿಗೆ ‘ತಾಯೂರ್’ ವಿಭಾಗ. ಇಳಿಬೀಳುವ ರೇಷ್ಮೆ, ಶಿಫಾನ್‌ಗೆ ‘ಫ್ಲೂ’ ವಿಭಾಗ. ಪ್ರತಿ ವಿಭಾಗಕ್ಕೂ ಮೇಸ್ತ್ರಿಯಂತೆ ಒಬ್ಬ ‘ಪ್ರಮಿಯೇರ್’, ಅವಳ ಕೈಕೆಳಗೆ ಹೊಲಿಯುವ ‘ಪೆತಿತ್ ಮ್ಯಾಂ’ಗಳು. ಎಲ್ಲರಿಗಿಂತ ಕಿರಿಯವಳು ನೆಲಕ್ಕೆ ಬಿದ್ದ ಗುಂಡುಪಿನ್ನುಗಳನ್ನು ಅಯಸ್ಕಾಂತ ಹಿಡಿದು ಆರಿಸುತ್ತಾಳೆ. ಕಥೆ ಶುರು ಮಾಡಲು ನನ್ನ ಮಟ್ಟಿಗೆ ಅವಳೇ ಸರಿ. ಎಲ್ಲ ಮೇಜುಗಳ ಕೆಳಗೂ ಅವಳಿಗೆ ದಾರಿ ಇದೆ.

ಕತ್ತರಿ ಮೊದಲು ಬೀಳುವುದು ಅಸಲಿ ಬಟ್ಟೆಗಲ್ಲ, ಮಾದರಿಗೆಂದು ತಂದ ಬಿಳಿ ಕಾಟನ್ ಬಟ್ಟೆಗೆ. ಅದನ್ನು ಬೊಂಬೆಗೆ ಪಿನ್ ಮಾಡಿ ಆಕಾರ ತೆಗೆದು, ಹಾಸು–ಹೊಕ್ಕಿನ ಗೆರೆಗಳನ್ನು ಗುರುತು ಮಾಡುತ್ತಾರೆ. ಆ ಗೆರೆ ವಾಲಿದರೆ ಲಂಗ ಒಂದು ಪಕ್ಕಕ್ಕೆ ತಿರುಚುತ್ತದೆ; ಆಮೇಲೆ ಇಸ್ತ್ರಿ ಎಷ್ಟು ಹಾಕಿದರೂ ದಂಡ.

1920–30ರ ದಶಕದ ಕಥೆಯಾದರೆ ಪ್ಯಾರಿಸ್‌ನ ವಿನ್ಯಾಸಕಿ ಮದ್ಲೆನ್ ವಿಯೊನೆಯನ್ನು ಬಿಡುವಂತಿಲ್ಲ. ರವಿಕೆಯ ಕುತ್ತಿಗೆಗೆ ನಾವು ಓರೆಯಾಗಿ ಕತ್ತರಿಸಿ ಕೊಡುವ ಕ್ರಾಸ್ ಪೀಸ್ ಇದೆಯಲ್ಲ, ಆ ಕ್ರಾಸಿನಲ್ಲೇ ಇಡೀ ಗೌನ್ ಕತ್ತರಿಸಿದವಳು ಆಕೆ. ಕ್ರಾಸ್ ಬಟ್ಟೆ ತನ್ನ ಭಾರಕ್ಕೇ ಜೋಲುತ್ತದೆ, ಅದೂ ಒಂದೊಂದು ಕಡೆ ಒಂದೊಂದು ಅಳತೆ. ಆದ್ದರಿಂದ ಹೆಮ್ಮಿಂಗ್‌ಗೆ ಮೊದಲು ಕನಿಷ್ಠ ಒಂದು ದಿನ ತೂಗುಹಾಕಿ, ನೆಲದಿಂದ ಸುತ್ತಲೂ ಮತ್ತೆ ಅಳೆಯಬೇಕು. ದಾರ ಬಿಗಿಯಾಗಿ ಎಳೆದರೆ ಹೊಲಿಗೆ ಸುಕ್ಕುಗಟ್ಟುತ್ತದೆ, ಇಲ್ಲವೇ ತೊಟ್ಟವಳು ಕೂತಾಗ ಪಟ್ಟನೆ ಕಿತ್ತುಬರುತ್ತದೆ. ನಾಯಕಿ ಸಂಜೆ ಕತ್ತರಿಸಿ ಬೆಳಿಗ್ಗೆ ಗಿರಾಕಿಗೆ ಕೊಟ್ಟಳು ಎಂದು ಬರೆದರೆ ಹೊಲಿಗೆ ಬಲ್ಲವರು ನಗುತ್ತಾರೆ.

ಮಣಿ ಕೆಲಸವಂತೂ ನಮ್ಮ ಆರಿ ವರ್ಕಿನ ಬಳಗದ್ದೇ. ಕೊಕ್ಕೆಸೂಜಿಯ ಈ ಕಸೂತಿ ಹದಿನೆಂಟನೇ ಶತಮಾನದಲ್ಲಿ ಪೂರ್ವದ ದೇಶಗಳಿಂದ ಯುರೋಪಿಗೆ ಬಂತು. ಫ್ರಾನ್ಸ್‌ನ ಲ್ಯುನೆವಿಲ್ ಊರಿನ ಪದ್ಧತಿಯಲ್ಲಿ ಬಟ್ಟೆಯ ಒಳಮೈ ಮೇಲೆ ಬರುವಂತೆ ಚೌಕಟ್ಟಿಗೆ ಬಿಗಿಯುತ್ತಾರೆ. ಮಣಿಗಳನ್ನು ಮೊದಲೇ ದಾರಕ್ಕೆ ಪೋಣಿಸಿ ಕೆಳಗೆ ಒಂದು ಕೈಯಲ್ಲಿ ಹಿಡಿದು, ಇನ್ನೊಂದು ಕೈಯ ಕೊಕ್ಕೆಯಿಂದ ಮೇಲಿನಿಂದ ಚುಚ್ಚಿ ಸರಪಳಿ ಹೊಲಿಗೆ ಎಳೆಯುತ್ತಾರೆ. ಮಣಿ ಕೂರುವುದು ಅಡಿಭಾಗದಲ್ಲಿ, ಹೊಲಿಯುವವಳ ಕಣ್ಣಿಗೆ ಕಾಣದ ಕಡೆ. ಕೊನೆಯ ಕುಣಿಕೆ ಭದ್ರ ಮಾಡದಿದ್ದರೆ ದಾರ ಎಳೆದಷ್ಟೂ ಸಾಲು ಬಿಚ್ಚಿಕೊಂಡು ಮಣಿಯೆಲ್ಲ ನೆಲದ ಮೇಲೆ. ಈ ರೀತಿಯ ಮಣಿ ಕೆಲಸ ಬಳಕೆಗೆ ಬಂದದ್ದು ಹತ್ತೊಂಬತ್ತನೇ ಶತಮಾನದ ಉತ್ತರಾರ್ಧದಲ್ಲಿ. 1858ರಲ್ಲಿ ಓತ್ ಕುತ್ಯೂರ್‌ನ ಪಿತಾಮಹ ಎನಿಸಿದ ವಿನ್ಯಾಸಕ ವರ್ತ್ ಅಂಗಡಿ ತೆರೆದ ದಿನದ ದೃಶ್ಯಕ್ಕೆ ಇದನ್ನು ತುರುಕಬೇಡಿ.

ಬಿಳಿ ಕಾಟನ್‌ನ ಮಾದರಿಗಳನ್ನು ಹತ್ತಿರದಿಂದ ನೋಡಬೇಕೆಂದರೆ, 2022ರಲ್ಲಿ ಪ್ಯಾರಿಸ್‌ನಲ್ಲಿ ತೆರೆದ ದಿಯೋರ್ ಫ್ಯಾಷನ್ ಸಂಸ್ಥೆಯ ವಸ್ತುಸಂಗ್ರಹಾಲಯ ಗ್ಯಾಲರಿ ದಿಯೋರ್‌ನಲ್ಲಿ ಅವನ್ನು ಗೋಡೆ ತುಂಬ ಜೋಡಿಸಿದ್ದಾರೆ.

ರಜೆಯ ವಿಷಯದಲ್ಲೂ ಎಚ್ಚರ. 1917ರ ಮೇ ತಿಂಗಳಲ್ಲಿ ಪ್ಯಾರಿಸ್‌ನ ಹೊಲಿಗೆ ಹುಡುಗಿಯರು ಬೀದಿಗಿಳಿದು ಮುಷ್ಕರ ಹೂಡಿದರು. ಶನಿವಾರ ಮಧ್ಯಾಹ್ನದ ರಜೆ ಬೇಕು, ಸಂಬಳವೂ ಕಡಿತವಾಗಬಾರದು ಎಂಬುದು ಬೇಡಿಕೆ. ಜೂನ್‌ನಲ್ಲಿ ಕಾನೂನೇ ಬಂತು. ಅದಕ್ಕೂ ಹಿಂದಿನ ಕಥೆಯಲ್ಲಿ ನಾಯಕಿಯನ್ನು ಶನಿವಾರ ಮಧ್ಯಾಹ್ನ ಸೇನ್ ದಡಕ್ಕೆ ಪ್ರಿಯಕರನ ಜೊತೆ ಕಳಿಸಬೇಕೆಂದರೆ, ಅರ್ಧ ದಿನದ ಕೂಲಿ ಹೋದದ್ದನ್ನೂ ಬರೆಯಿರಿ.