ಒಂದೇ ಬರವನ್ನು ಒಬ್ಬೊಬ್ಬರಿಗೆ ಒಂದೊಂದು ರೀತಿ ಹೇಳುವುದೇಕೆ?

ಚಿತ್ರದುರ್ಗ, ದಾವಣಗೆರೆ ಸೀಮೆಯ ಮಳೆ-ಬೆಳೆಯ ಸುದ್ದಿ ಬರೆಯುವುದು ನನ್ನ ಕೆಲಸ. ಹಳ್ಳಿಯ ಕಟ್ಟೆಯಲ್ಲೂ ತಾಲ್ಲೂಕು ಕಚೇರಿಯಲ್ಲೂ ಅದನ್ನೇ ಮಾತಾಡುತ್ತೇನೆ. ಎರಡೂ ಕಡೆ ಕೇಳಿಸಿಕೊಂಡವರು ತಪ್ಪದೆ ಕೇಳುವ ಪ್ರಶ್ನೆ ಇದು: ‘ಅಲ್ಲೊಂದು ಹೇಳುತ್ತೀರಿ, ಇಲ್ಲೊಂದು ಹೇಳುತ್ತೀರಿ. ನಿಜವಾದ ಬರ ಯಾವುದು ಸ್ವಾಮಿ?’

ಅಂಕಿಗಳನ್ನು ನಾನು ಬದಲಿಸುವುದಿಲ್ಲ. ಕೇಳುವವರು ನಾಳೆ ಬೆಳಿಗ್ಗೆ ಮಾಡಬೇಕಾದ ತೀರ್ಮಾನ ಬೇರೆ ಬೇರೆ, ಅಷ್ಟೇ.

ಚಳ್ಳಕೆರೆಯ ಶೇಂಗಾ ರೈತನ ಮುಂದೆ ಶೇಕಡಾವಾರು ಮಳೆ ಕೊರತೆ ಓದಿದರೆ ‘ಅದು ನಿಮಗಿಂತ ಮೊದಲು ನನ್ನ ಹೊಲಕ್ಕೆ ಗೊತ್ತು’ ಎನ್ನುತ್ತಾನೆ. ಅವನ ಲೆಕ್ಕ ನಕ್ಷತ್ರದ್ದು. ಆದ್ದರಿಂದ ನಾನೂ ಹಾಗೆಯೇ ಹೇಳುತ್ತೇನೆ: ಆಶ್ಲೇಷ ಕೈಕೊಟ್ಟಿತು, ಮಘೆಯ ಮೇಲೂ ಭರವಸೆ ಇಲ್ಲ, ಇನ್ನು ಶೇಂಗಾ ಬೀಜಕ್ಕೆ ಸಾಲ ಮಾಡಬೇಡಿ, ಹುರುಳಿಗೆ ಇನ್ನೂ ಕಾಲವಿದೆ. ಬಿತ್ತಿ ಆಗಿದ್ದರೆ ಮಾತೇ ಬೇರೆ. ಹೂವಾದ ಮೇಲೆ ಅದರ ಬುಡದಿಂದ ಹೊರಟ ಮೊನೆ ಮಣ್ಣಿಗಿಳಿದು ಕಾಯಿ ಕಟ್ಟುವ ಹೊತ್ತಿಗೆ ನೆಲ ಗಟ್ಟಿಯಾಗಿದ್ದರೆ, ಆಮೇಲೆ ಎಷ್ಟು ಮಳೆ ಸುರಿದರೂ ಸಿಗುವುದು ದನದ ಮೇವಿನ ಹೊಟ್ಟು ಮಾತ್ರ.

ತಾಲ್ಲೂಕು ಬರಪೀಡಿತ ಎಂದು ಘೋಷಣೆಯಾದ ಮರುದಿನ ಅದೇ ರೈತ ‘ವಿಮೆ ಯಾವಾಗ?’ ಎಂದು ಕೇಳುತ್ತಾನೆ. ಇಲ್ಲಿ ಸ್ವಲ್ಪ ಹೊತ್ತು ಕುಳಿತು ಬಿಡಿಸಿ ಹೇಳಲೇಬೇಕು. ಬರ ಘೋಷಣೆಗೆ ತಾಲ್ಲೂಕು ಘಟಕ. ಬೆಳೆ ವಿಮೆಗೆ, ಮುಖ್ಯ ಬೆಳೆಯಾದರೆ, ಗ್ರಾಮ ಪಂಚಾಯಿತಿ ಘಟಕ. ವಿಮೆಯನ್ನು ತೀರ್ಮಾನಿಸುವುದು ಬೆಳೆ ಕಟಾವು ಪ್ರಯೋಗದ, ಅಂದರೆ ಆಯ್ದ ಹೊಲಗಳಲ್ಲಿ ಬೆಳೆ ಕೊಯ್ದು ತೂಗಿ ನೋಡಿದ, ಇಳುವರಿ. ಸರ್ಕಾರದ ಬರ ಪರಿಹಾರ ಮೂರನೆಯ ಬಾಬತ್ತು. 2023ರಲ್ಲಿ ಜಾರಿಯಲ್ಲಿದ್ದ ನಿಯಮದ ಪ್ರಕಾರ ಮಳೆಯಾಶ್ರಿತ ಬೆಳೆಗೆ ಹೆಕ್ಟೇರಿಗೆ 8,500 ರೂಪಾಯಿ, ಅಂದರೆ ಎಕರೆಗೆ ಸುಮಾರು 3,400. ಅದೂ ನಷ್ಟ ಶೇ 33 ಅಥವಾ ಅದಕ್ಕಿಂತ ಹೆಚ್ಚಿದ್ದರೆ, ಎರಡು ಹೆಕ್ಟೇರಿನ ಮಿತಿಯಲ್ಲಿ. ಮೂರನ್ನೂ ಕಲಸಿ ‘ನೆರವು ಬರುತ್ತದೆ’ ಎಂದು ಭಾಷಣ ಬಿಗಿಯುವವರನ್ನು ಕಂಡರೆ ನನಗೆ ಮೈ ಉರಿಯುತ್ತದೆ.

ತಾಲ್ಲೂಕು ಕಚೇರಿಯಲ್ಲಿ ಗೋಳು ನಡೆಯುವುದಿಲ್ಲ. ಅಧಿಕಾರಿ ಕಲ್ಲುಹೃದಯದವರೆಂದಲ್ಲ, ಗೋಳನ್ನು ತುಂಬಲು ಅವರ ನಮೂನೆಯಲ್ಲಿ ಕಾಲಂ ಇಲ್ಲ. ಕೇಂದ್ರದ 2016ರ ಬರ ಕೈಪಿಡಿಯಂತೆ ಮೊದಲು ಮಳೆ ಕೊರತೆ ಮತ್ತು ಒಣ ವಾರಗಳ ಲೆಕ್ಕ, ಆಮೇಲೆ ಬಿತ್ತನೆಯ ಪ್ರದೇಶ, ಉಪಗ್ರಹ ಕಂಡ ಹಸಿರು, ಮಣ್ಣಿನ ತೇವಾಂಶ, ನೀರಿನ ಸ್ಥಿತಿ. ಕೊನೆಗೆ ಹಳ್ಳಿಗಳಲ್ಲಿ ಪರಿಶೀಲನೆ. 2023ರ ಆಗಸ್ಟ್ ತಿಂಗಳು ದೇಶದಲ್ಲಿ 1901ರಿಂದೀಚೆಗಿನ ಅತಿ ಒಣ ಆಗಸ್ಟ್. ಆ ವರ್ಷ ರಸ್ತೆಯಿಂದ ನೋಡಿದರೆ ಮೆಕ್ಕೆಜೋಳ ಎದೆಯುದ್ದ ನಿಂತಿತ್ತು. ಹೊಲಕ್ಕಿಳಿದು ತೆನೆಯ ಸಿಪ್ಪೆ ಸುಲಿದರೆ ಬೆಂಡಿನ ಮೇಲೆ ಅಲ್ಲೊಂದು ಇಲ್ಲೊಂದು ಕಾಳು. ಹೂ ಬಿಡುವ ಸೂಲಂಗಿ ಹಂತದಲ್ಲಿ ನೀರಿಲ್ಲದಿದ್ದರೆ ಹೀಗಾಗುತ್ತದೆ, ಮೇಲಿನಿಂದ ನೋಡುವ ಉಪಗ್ರಹಕ್ಕೆ ಅದು ಕಾಣುವುದಿಲ್ಲ. ಅಧಿಕಾರಿಯ ಮೇಜಿಗೆ ಬೇಕಾದದ್ದು ಸುಲಿದ ತೆನೆ, ಸರ್ವೆ ನಂಬರ್, ಬಿತ್ತಿದ ದಿನಾಂಕ.

ದೇವರಿಗೆ ಬಿಟ್ಟ ಎತ್ತುಗಳನ್ನು ಕಾಯುವ ಕಿಲಾರಿಗೆ ಬೆಳೆಯ ಮಾತೇ ಬೇಡ. ಮೇವು ತೀರಿತೆಂದು ಆ ದನಗಳನ್ನು ಸಂತೆಗೆ ಹೊಡೆಯುವಂತಿಲ್ಲ. ಮೇವು ಎಲ್ಲಿ ಸಿಗುತ್ತದೆ, ಎಂದು ಸಿಗುತ್ತದೆ, ಯಾರನ್ನು ಕೇಳಬೇಕು ಎಂಬುದಿಷ್ಟೇ ಅವನಿಗೆ ಸುದ್ದಿ.

ಪೇಟೆಯವರದು ಇನ್ನೊಂದು ಕಥೆ. 2022ರ ಸೆಪ್ಟೆಂಬರ್‌ನಲ್ಲಿ ವಾಣಿವಿಲಾಸ ಸಾಗರ, ಅಂದರೆ ಮಾರಿಕಣಿವೆ ಜಲಾಶಯ, 1933ರ ನಂತರ ಮೊದಲ ಸಲ ಕೋಡಿ ಬಿತ್ತು. ಮರುವರ್ಷ ಬರ ಎಂದರೆ ‘ಮಾರಿಕಣಿವೆ ತುಂಬಿತ್ತಲ್ಲ?’ ಎಂಬ ಮಾತು. ತುಂಬಿತ್ತು, ನಿಜ. ಆದರೆ ಮಳೆಯನ್ನೇ ನಂಬಿದ ಮೊಳಕಾಲ್ಮೂರಿನ ಬೆದ್ದಲು ಹೊಲಕ್ಕೆ ಅದರ ನಾಲೆ ಹೋಗುವುದಿಲ್ಲ. ದಾವಣಗೆರೆಯಲ್ಲಿ ನಾನು ಕುಂದವಾಡ ಕೆರೆಯ ಮಾತೆತ್ತುತ್ತೇನೆ. ಭದ್ರಾ ನಾಲೆ ನಿಂತರೆ ಆ ಕೆರೆಯೂ ಅದರ ಹಿಂದೆ ನಲ್ಲಿಯೂ ಸೊರಗುತ್ತವೆ ಎಂದಾಗ ಮಾತ್ರ ಬರ ಮನೆಯೊಳಗೆ ಬರುತ್ತದೆ.

ಬಿರುಕು ಬಿಟ್ಟ ಕೆರೆಯಂಗಳದ ಚಿತ್ರವನ್ನು ಮಾತ್ರ ಯಾರಿಗೂ ತೋರಿಸುವುದಿಲ್ಲ. ನಮ್ಮ ಕಡೆ ಏಪ್ರಿಲ್‌ನಲ್ಲಿ ಬಿರುಕು ಬಿಡದ ಕೆರೆ ಯಾವುದಿದೆ? ಅದು ಬೇಸಿಗೆಯ ಚಿತ್ರ.

ರೈತ ಮುಖಂಡರು ಸ್ವಲ್ಪ ಏರಿಸಿ ಹೇಳಿ ಎನ್ನುತ್ತಾರೆ, ಕಚೇರಿಯವರು ಸ್ವಲ್ಪ ಇಳಿಸಿ ಎನ್ನುತ್ತಾರೆ. ಎರಡನ್ನೂ ಮಾಡುವುದಿಲ್ಲ. ಹಣ ಬರುವ ದಿನಾಂಕವನ್ನೂ ಯಾರಿಗೂ ಕೊಡುವುದಿಲ್ಲ. 2023ರ ಸೆಪ್ಟೆಂಬರ್‌ನಲ್ಲಿ ಮೊದಲ ಸುತ್ತಿಗೆ 195 ತಾಲ್ಲೂಕುಗಳ ಘೋಷಣೆಯಾಯಿತು. ರಾಜ್ಯ 18,171 ಕೋಟಿ ಕೇಳಿತು, ಸುಪ್ರೀಂ ಕೋರ್ಟಿಗೂ ಹೋಯಿತು, 2024ರ ಏಪ್ರಿಲ್ ಕೊನೆಗೆ ಕೇಂದ್ರದಿಂದ ಬಂದದ್ದು ಸುಮಾರು 3,454 ಕೋಟಿ. ಆದ್ದರಿಂದ ಯಾರಾದರೂ ‘ದುಡ್ಡು ಎಂದು ಬರುತ್ತದೆ?’ ಎಂದರೆ, ‘ರೈತರ ಜಮೀನಿನ ವಿವರ ದಾಖಲಿಸುವ ಸರ್ಕಾರದ ಫ್ರೂಟ್ಸ್ ತಂತ್ರಾಂಶದಲ್ಲಿ ನಿಮ್ಮ ಸರ್ವೆ ನಂಬರ್‌ಗಳೆಲ್ಲ ಸೇರಿವೆಯೇ?’ ಎಂದು ತಿರುಗಿ ಕೇಳುತ್ತೇನೆ. ಒಂದಾದರೂ ಬಿಟ್ಟುಹೋಗಿದ್ದರೆ ರೈತ ಸಂಪರ್ಕ ಕೇಂದ್ರಕ್ಕೆ ಪಹಣಿ ಹಿಡಿದು ನಾಳೆಯೇ ಹೋಗಿ.