ಕಾಗೆಗೆ ಏನು ಕೆಲಸ?

ಡಿಸೆಂಬರ್ 21, 2024, ಶನಿವಾರ

ಇವತ್ತು ಅರ್ಧ ದಿನದ ಶಾಲೆ. ಊಟ ಮುಗಿಸಿ ಎರಡು ಗಂಟೆಗೆ ನಾಟಕದ ರಿಹರ್ಸಲ್ ಅಂದಿದ್ದೆ. ಹದಿನಾರು ಮಕ್ಕಳಲ್ಲಿ ಬಂದದ್ದು ಹನ್ನೊಂದು. ಕಾಫಿ ಕೊಯ್ಲು ಶುರುವಾಗಿದೆ. ಅಪ್ಪ ಅಮ್ಮ ತೋಟಕ್ಕೆ ಹೋದರೆ ಕೆಲಸಗಾರರ ಲೈನ್ ಮನೆಯಲ್ಲಿ ಚಿಕ್ಕವರನ್ನು ನೋಡಿಕೊಳ್ಳುವುದು ಇವರೇ. ನಮ್ಮ ಅಗಸ್ತ್ಯನ ಪಾತ್ರದ ಹುಡುಗ ಮಾತ್ರ ತಪ್ಪಿಸಲಿಲ್ಲ, ತಂಗಿಯನ್ನು ಸೊಂಟದ ಮೇಲೆ ಕೂರಿಸಿಕೊಂಡೇ ಬಂದ. ಒಂದು ಕೈಯಲ್ಲಿ ಕಮಂಡಲ, ಇನ್ನೊಂದು ಕೈಯಲ್ಲಿ ಮಗು. ಹೀಗೇ ಸ್ಟೇಜಿಗೆ ಬಿಟ್ಟರೂ ಚೆನ್ನಾಗಿರುತ್ತೆ ಅನ್ನಿಸಿತು.

ನಾಟಕ ಕಾವೇರಿ ನದಿ ಹುಟ್ಟಿದ ಕಥೆಯದ್ದು. ದೀಪಾವಳಿ ರಜೆಯಲ್ಲಿ ನಾನೇ ಬರೆದದ್ದು. ನಮಗೆಲ್ಲ ಗೊತ್ತಿರುವ ಕಥೆಯನ್ನೇ ಹಿಡಿದಿದ್ದೆ. ಗಣಪತಿ ಕಾಗೆಯಾಗಿ ಬಂದು ಕಾವೇರಿ ಇದ್ದ ಅಗಸ್ತ್ಯರ ಕಮಂಡಲ ಉರುಳಿಸುತ್ತಾನೆ, ನೀರು ಹರಿಯುತ್ತದೆ. ಮಕ್ಕಳಿಗೆ ಸುಲಭ, ಕಾಗೆ ಬಂದರೆ ನಗುವೂ ಬರುತ್ತೆ.

ಮೊನ್ನೆ ಮಂಗಳವಾರ ಎಲ್ಲರನ್ನೂ ಕೂರಿಸಿ, ‘ನಿಮ್ಮ ಪಾತ್ರ ಇದನ್ನು ಯಾಕೆ ಮಾಡುತ್ತೆ?’ ಅಂತ ಒಬ್ಬೊಬ್ಬರನ್ನೇ ಕೇಳಿದೆ. ಕಾವೇರಿ ಪಾತ್ರದ ಹುಡುಗಿ ಏಳನೇ ಕ್ಲಾಸು, ಮಾತು ಕಡಿಮೆ. ಸ್ವಲ್ಪ ಹೊತ್ತು ಪೆನ್ಸಿಲ್ ಕಚ್ಚುತ್ತಾ ಕೂತಿದ್ದು ಹೇಳಿದಳು: ‘ಮಿಸ್, ಕಾಗೆ ಬೀಳಿಸಿದರೆ ನಾನು ಬಿದ್ದ ಹಾಗಾಯ್ತು. ಹೊರಟ ಹಾಗಲ್ಲ.’

ಅವಳ ಅಜ್ಜಿ ಹೇಳುವ ಕಥೆಯಲ್ಲಿ ಕಾಗೆಯೇ ಇಲ್ಲವಂತೆ. ನನ್ನನ್ನು ಒಂಟಿಯಾಗಿ ಬಿಟ್ಟುಹೋಗಬಾರದು ಅಂತ ಮಾತು ತೆಗೆದುಕೊಂಡೇ ಕಾವೇರಿ ಅಗಸ್ತ್ಯರನ್ನು ಮದುವೆಯಾದದ್ದು. ಅವರು ಅವಳನ್ನು ಕಮಂಡಲದಲ್ಲಿಟ್ಟು ಕನ್ನಿಕೆ ನದಿಗೆ ಸ್ನಾನಕ್ಕೆ ಹೋದರು. ಮಾತು ತಪ್ಪಿತು, ಇವಳು ಹೊರಟಳು. ಅಷ್ಟೇ. ಕೊಡಗಿನಲ್ಲಿ ಎಷ್ಟೋ ಮನೆಗಳಲ್ಲಿ ಹೇಳುವ ಕಥೆ ಇದು. ನನಗೂ ಗೊತ್ತಿತ್ತು. ಆದರೂ ಸುಮ್ನೆ ಕಾಗೆಯ ಹಿಂದೆ ಹೋಗಿದ್ದೆ. ಹರದಾಸ ಅಪ್ಪಚ್ಚ ಕವಿ ನೂರು ವರ್ಷದ ಹಿಂದೆಯೇ ಕೊಡವರ ಭಾಷೆಯಾದ ಕೊಡವ ತಕ್ಕ್‌ನಲ್ಲಿ ಕಾವೇರಿಯ ಮೇಲೆ ನಾಟಕ ಬರೆದ ಊರಿದು, ನಾನು ನೋಡಿದರೆ ಹೀಗೆ!

ಆ ರಾತ್ರಿಯೇ ಕೂತು ಅರ್ಧ ನಾಟಕ ತಿದ್ದಿದೆ. ಈಗ ಕಾವೇರಿ ದಂಡೆಯಲ್ಲಿರುವ ಕೊಡಗಿನ ಬಲಮುರಿಯ ದೃಶ್ಯ ಸೇರಿದೆ. ಹೊರಟವಳನ್ನು ಅಲ್ಲಿ ಕೊಡವರು ತಡೆಯಲು ನಿಲ್ಲುತ್ತಾರೆ. ನೀರಿನ ರಭಸಕ್ಕೆ ಹೆಂಗಸರ ಸೀರೆಯ ನೆರಿಗೆ ಹಿಂದಕ್ಕೆ ತಿರುಗುತ್ತದೆ. ಕೊಡವತಿಯರು ನೆರಿಗೆಯನ್ನು ಹಿಂದೆ ಉಡುವುದು ಅಂದಿನಿಂದ ಅನ್ನುತ್ತಾರೆ.

ಬರೆಯುವಾಗ ಒಂದೇ ಸಾಲು. ಮಾಡಿಸುವುದು ಹೇಗೆ? ನಾಲ್ವರು ಹುಡುಗರು ಎರಡು ನೀಲಿ ಸೀರೆ ಹಿಡಿದು ಅಲೆಯ ಹಾಗೆ ಅಲ್ಲಾಡಿಸುತ್ತಾ ಅಡ್ಡ ಬರುತ್ತಾರೆ. ಆ ಮರೆಯಲ್ಲಿ ಆರು ಹುಡುಗಿಯರ ನೆರಿಗೆ ತಿರುಗಬೇಕು. ಎಂಟು ಎಣಿಸುವಷ್ಟೇ ಹೊತ್ತು. ನೆರಿಗೆಯನ್ನು ಬೇರೆಯಾಗಿ ಹೊಲಿದು, ಲಾಡಿ ಹಾಕಿ ಸೊಂಟಕ್ಕೆ ಕಟ್ಟಿದರೆ ಎಳೆದು ತಿರುಗಿಸಬಹುದು ಅಂತ ಹೇಳಿಕೊಟ್ಟವಳು ಐದನೇ ಕ್ಲಾಸಿನವಳು. ಅವಳಮ್ಮ ಟೈಲರ್. ಇವತ್ತು ಮಾಡಿ ನೋಡಿದೆವು. ಐವರದ್ದು ಸರಿಯಾಗಿ ಹಿಂದಕ್ಕೆ ಹೋಯಿತು. ಆರನೆಯವಳದ್ದು ಪಕ್ಕದಲ್ಲೇ ಸಿಕ್ಕಿಕೊಂಡು, ಬೀಸಣಿಗೆ ಸಿಕ್ಕಿಸಿಕೊಂಡ ಹಾಗೆ ನಿಂತಿತು. ಅವಳು ಗಂಭೀರವಾಗಿಯೇ ಮಾತು ಮುಂದುವರಿಸಿದಳು. ಕೊಡವರ ಕಿರುಗತ್ತಿಯಾದ ಪೀಚೆಕತ್ತಿಯನ್ನು ರಟ್ಟಿನಲ್ಲಿ ಮಾಡಿ ಸಿಕ್ಕಿಸಿಕೊಂಡು ನಿಂತಿದ್ದ ಹುಡುಗರು ನೆಲಕ್ಕೆ ಬಿದ್ದು ನಕ್ಕರು. ನಾನೂ ನಕ್ಕೆ, ಏನ್ ಮಾಡೋದು.

ಸಂಕಟವಾದದ್ದು ಕಾಗೆ ಹುಡುಗನನ್ನು ನೋಡಿ. ಪಾತ್ರ ಹೋಯಿತು ಅಂದಾಗ ಅಳಲಿಲ್ಲ. ಕಪ್ಪು ಕಾಗದದ ರೆಕ್ಕೆಯನ್ನು ಮಡಚಿ ಬ್ಯಾಗಿಗೆ ಹಾಕಿಕೊಂಡ. ಅದಕ್ಕಿಂತ ಅತ್ತುಬಿಟ್ಟಿದ್ದರೇ ಚೆನ್ನಾಗಿತ್ತು. ಇವತ್ತು ಮಾತಿಲ್ಲದಿದ್ದರೂ ಪರವಾಗಿಲ್ಲ ಅಂತ ಬಂದು ಬೆಂಚಿನ ಮೇಲೆ ಕೂತಿದ್ದ. ಅಗಸ್ತ್ಯ ಸ್ನಾನ ಮುಗಿಸಿ ಬಂದ. ಖಾಲಿ ಕಮಂಡಲದೊಳಗೆ ಇಣುಕಿದ. ಎಲ್ಲರೂ ಸುಮ್ಮನಿದ್ದರು. ಇವನು ಕೂತಲ್ಲಿಂದಲೇ ಕತ್ತು ಓರೆ ಮಾಡಿ ಕೇಳಿದ:

‘ಸ್ನಾನ ಆಯ್ತಾ, ಸ್ವಾಮಿ?’

ನಾನು ಬರೆದ ಮಾತಲ್ಲ. ಇಡೀ ನಾಟಕದಲ್ಲಿ ಅದಕ್ಕಿಂತ ಒಳ್ಳೆಯ ಮಾತೂ ಇಲ್ಲ. ಈಗ ಕಾಗೆ ಮೊದಲಿಂದ ಕೊನೆಯವರೆಗೆ ಮರದ ಮೇಲೇ ಇರುತ್ತೆ, ಎಲ್ಲ ನೋಡುತ್ತೆ, ಏನನ್ನೂ ಬೀಳಿಸುವುದಿಲ್ಲ.

ಸೋಮವಾರ ಲಾಡಿ ತರಬೇಕು. ಆರು ಜನಕ್ಕೆ ಎಷ್ಟು ಬೇಕೋ ಅದಕ್ಕಿಂತ ಒಂದು ಮೀಟರ್ ಜಾಸ್ತಿಯೇ ಇರಲಿ.